ಹಕ್ಕಿ ನೋಡುವ ಹವ್ಯಾಸ: ಹಿತ್ತಲಿನಿಂದ ಹೊರದೇಶದವರೆಗೆ, ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗ್ಗೆ ಆರೂವರೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದುರ್ಬೀನು ಹಿಡಿದು ನಿಂತರೆ, ವಾಕಿಂಗ್ ಬಂದವರಲ್ಲಿ ಒಬ್ಬರಾದರೂ ನಿಂತು ಮಾತಾಡಿಸುತ್ತಾರೆ. "ಏನು ಮೇಡಂ, ಏನು ಕಾಣಿಸ್ತಿದೆ?" ಅಂತ ಶುರುವಾದ ಮಾತು ದುರ್ಬೀನಿನ ಬೆಲೆಗೆ ಹೋಗುತ್ತದೆ, ಅಲ್ಲಿಂದ ರಂಗನತಿಟ್ಟಿಗೆ, ಅಲ್ಲಿಂದ ಅವರ ಮಗ ಇರುವ ಸಿಂಗಪುರಕ್ಕೆ. ಹೀಗೆ ಏರಿ ಮೇಲೆ, ಮದುವೆ ಮನೆಯಲ್ಲಿ, ಫೋನಿನಲ್ಲಿ ವರ್ಷಗಟ್ಟಲೆ ಕೇಳಿದ ಪ್ರಶ್ನೆಗಳು ಇವು. ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಹಕ್ಕಿ ನೋಡೋದನ್ನು ಎಲ್ಲಿಂದ ಶುರು ಮಾಡಬೇಕು? ಕಾಡಿಗೆ ಹೋಗಲೇಬೇಕಾ?

ಬೇಡ. ನಿಮ್ಮ ಮನೆ ಹಿತ್ತಲು, ಬಾಲ್ಕನಿ, ಆಫೀಸಿನ ಮುಂದಿನ ಮಳೆಮರ ಸಾಕು. ಕಾಗೆ, ಹದ್ದು, ಗೊರವಂಕ, ಪಿಕಳಾರ, ಸೂರಕ್ಕಿ, ಕೆಂಬೂತ, ಮಡಿವಾಳ, ಗಿಳಿ, ಕೋಗಿಲೆ, ಕುಟುರ, ಕಾಜಾಣ. ನಮ್ಮ ಯಾವುದೇ ಊರಿನಲ್ಲಿ ಮೂವತ್ತು ಬಗೆಯ ಹಕ್ಕಿ ಸಿಗುವುದು ಕಷ್ಟವೇನಲ್ಲ. ಆ ಮೂವತ್ತನ್ನು ಚೆನ್ನಾಗಿ ಕಲಿಯಿರಿ. ಕೂತಾಗ ಹೇಗಿರುತ್ತದೆ, ಹಾರಿದಾಗ ಹೇಗೆ, ಕೂಗು ಯಾವುದು, ಏನು ತಿನ್ನುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ. ಇದು ಗಟ್ಟಿಯಾದರೆ ಮುಂದೆ ಯಾವ ದೇಶಕ್ಕೆ ಹೋದರೂ ಕಣ್ಣು ಕೆಲಸ ಮಾಡುತ್ತದೆ. ಮನೆ ಹತ್ತಿರದ ಹಕ್ಕಿಯನ್ನೇ ನೋಡದೆ ನೇರವಾಗಿ ವಿದೇಶದ ಟೂರ್‌ಗೆ ಹೋದವರಿಗೆ ಗೈಡ್ ತೋರಿಸಿದ್ದು ಮಾತ್ರ ಕಾಣುತ್ತದೆ. ಬೇರೆಯವರ ಜೊತೆಯಲ್ಲೂ ಇದನ್ನು ತುಂಬಾ ಸಲ ಕಂಡಿದ್ದೇನೆ.

ನಮ್ಮ ಹಿತ್ತಲಿನ ಬಾದಾಮಿ ಗಿಡ ಇನ್ನೂ ಎದೆಯೆತ್ತರ ಇದ್ದಾಗ ಒಂದು ಸಿಂಪಿಗ ಅದರಲ್ಲಿ ಗೂಡು ಕಟ್ಟಿತು. ಅಡುಗೆಮನೆ ಕಿಟಕಿಯಿಂದ ಮೂರು ಮಾರು ದೂರ ಅಷ್ಟೆ. ಅಗಲವಾದ ಎಲೆಯ ಎರಡು ಅಂಚನ್ನು ಬಳಸಿ ತಂದು, ಸೂಜಿಯಂಥ ಕೊಕ್ಕಿನಿಂದ ತೂತು ಮಾಡಿ, ಜೇಡರ ಬಲೆಯ ನೂಲನ್ನೋ ಹತ್ತಿಯ ಎಳೆಯನ್ನೋ ಅದರಲ್ಲಿ ತೂರಿಸುತ್ತಿತ್ತು. ತೂರಿಸಿದ ಎಳೆಯ ತುದಿ ಹೊರಗೆ ಉಬ್ಬಿ ಗಂಟಿನ ಹಾಗೆ ನಿಲ್ಲುತ್ತದೆ, ಹಾಗಾಗಿ ಜಾರುವುದಿಲ್ಲ. ಹೊಲಿದ ಎಲೆ ಬಾಡಲಿಲ್ಲ, ಹಸಿರಾಗಿಯೇ ಇತ್ತು. ಒಳಗೆ ಗೂಡಿದೆ ಅಂತ ಹೇಳಿದರೂ ಮನೆಗೆ ಬಂದವರಿಗೆ ಕಾಣುತ್ತಿರಲಿಲ್ಲ. ಇಷ್ಟು ಹತ್ತಿರದಿಂದ ಇಂಥದ್ದನ್ನು ಯಾವ ಅಭಯಾರಣ್ಯದಲ್ಲೂ ನಾನು ನೋಡಿಲ್ಲ.

ಯಾವ ದುರ್ಬೀನು ತಗೋಬೇಕು?

8×42. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದೊಂದನ್ನೇ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣಿಸುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಗಾಜು ಅಗಲವಾದಷ್ಟೂ ಬೆಳಕು ಜಾಸ್ತಿ ಬರುತ್ತದೆ. ಮುಂಜಾವಿನಲ್ಲಿ, ಮರದ ನೆರಳಲ್ಲಿ ಬೇಕಾಗುವುದು ಅದೇ. "ಹತ್ತು ಪಟ್ಟಿನದು ಇನ್ನೂ ಒಳ್ಳೆಯದಲ್ವಾ?" ಅಂತ ಕೇಳುತ್ತಾರೆ. ಕೈ ಸ್ವಲ್ಪ ನಡುಗಿದರೂ ಅದರಲ್ಲಿ ಹಕ್ಕಿ ಹತ್ತು ಪಟ್ಟು ನಡುಗುತ್ತದೆ. ಕಾಣುವ ಜಾಗವೂ ಕಿರಿದು, ಹಾಗಾಗಿ ಕೊಂಬೆ ಮೇಲಿನ ಸಣ್ಣ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ಜಾತ್ರೆಯಲ್ಲಿ, ಆನ್‌ಲೈನ್‌ನಲ್ಲಿ ಮೂವತ್ತು ಪಟ್ಟು, ಐವತ್ತು ಪಟ್ಟು ಅಂತ ಮಾರುವ ಅಗ್ಗದ್ದನ್ನು ದಯವಿಟ್ಟು ಕೊಳ್ಳಬೇಡಿ.

ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಕೆಳಗೆ ಮಡಚಿ ನೋಡಿ. ಬಲಗಣ್ಣಿನ ಕಡೆ ಒಂದು ಸಣ್ಣ ತಿರುಗಣೆ ಇರುತ್ತದೆ. ನಿಮ್ಮ ಎರಡು ಕಣ್ಣಿನ ವ್ಯತ್ಯಾಸಕ್ಕೆ ಅದನ್ನು ಒಂದು ಸಲ ಹೊಂದಿಸಿದರೆ ಆಯಿತು. ಎಡಗಣ್ಣಿನಿಂದ ಮಾತ್ರ ನೋಡುತ್ತಾ ನಡುವಿನ ಗಾಲಿಯನ್ನು ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಬಲಗಣ್ಣಿನಿಂದ ಅದೇ ವಸ್ತುವನ್ನು ನೋಡುತ್ತಾ ಆ ಸಣ್ಣ ತಿರುಗಣೆಯನ್ನು ತಿರುಗಿಸಿ. ಇದನ್ನು ಮಾಡದೆ "ತಲೆ ನೋವು ಬರುತ್ತೆ" ಅಂತ ದುರ್ಬೀನನ್ನು ಬೀರುವಿನಲ್ಲಿ ಇಟ್ಟವರು ಎಷ್ಟೋ ಜನ.

ಹಕ್ಕಿ ಒಂದು ಕ್ಷಣ ಕಂಡು ಹಾರಿಹೋಗುತ್ತೆ. ಗುರುತಿಸೋದು ಹೇಗೆ?

ಬಣ್ಣ ಕೊನೆಗೆ ನೋಡಿ. ಮೊದಲು ಗಾತ್ರ: ಗುಬ್ಬಿಯಷ್ಟಾ, ಗೊರವಂಕದಷ್ಟಾ, ಕಾಗೆಯಷ್ಟಾ? ಆಮೇಲೆ ಕೊಕ್ಕು, ಬಾಲ. ಆಮೇಲೆ ಅದು ಮಾಡುತ್ತಿದ್ದ ಕೆಲಸ. ಬಾಲ ಕುಣಿಸುತ್ತಾ ನೀರಿನ ಅಂಚಲ್ಲಿ ಓಡಾಡುತ್ತಿತ್ತಾ? ಕಾಂಡ ಹಿಡಿದು ಮೇಲಕ್ಕೆ ಹತ್ತುತ್ತಿತ್ತಾ? ತಂತಿ ಮೇಲಿಂದ ಹಾರಿ ಹುಳ ಹಿಡಿದು ವಾಪಸ್ ಅದೇ ಜಾಗಕ್ಕೆ ಬಂತಾ? ಇಷ್ಟರಲ್ಲೇ ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ.

ಮೊಬೈಲ್‌ನಲ್ಲಿ ಮರ್ಲಿನ್ ಅನ್ನೋ ಆ್ಯಪ್ ಇದೆ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರದು, ಉಚಿತ. ಕೂಗು ಕೇಳಿಸಿಕೊಂಡು ಹೆಸರು ಹೇಳುತ್ತದೆ. ಒಳ್ಳೆಯ ಸಹಾಯ, ಆದರೆ ಅದು ಹೇಳಿದ್ದನ್ನು ಕಣ್ಣಿನಿಂದ ನೋಡಿ ಖಚಿತ ಮಾಡಿಕೊಳ್ಳಿ. ಮಲೆನಾಡಿನಲ್ಲಿ ಭೀಮರಾಜ ಅನ್ನುವ ಹಕ್ಕಿ ಒಂದೇ ಕೂತು ನಾಲ್ಕಾರು ಹಕ್ಕಿಗಳ ಕೂಗನ್ನು ಅನುಕರಿಸುತ್ತದೆ. ಆಗ ಆ್ಯಪ್ ಆ ಎಲ್ಲ ಹೆಸರನ್ನೂ ತೋರಿಸಿಬಿಡಬಹುದು.

ಕನ್ನಡದ ಹೆಸರು ಕಲಿಯಬೇಕಾ, ಇಂಗ್ಲಿಷ್ ಹೆಸರು ಕಲಿಯಬೇಕಾ?

ಎರಡೂ. ಕನ್ನಡದ ಹೆಸರಿನಲ್ಲಿ ಹಕ್ಕಿಯ ಗುಣವೇ ಇರುತ್ತದೆ. ಮಿಂಚುಳ್ಳಿ ಅಂದರೆ ಮಿಂಚಿದ ಹಾಗೆ ಹೋಗುವುದೇ. ಮರಕುಟಿಗ ಮರ ಕುಟ್ಟುತ್ತದೆ, ಸಿಂಪಿಗ ಹೊಲಿಯುತ್ತದೆ. ಮಕ್ಕಳು ಇವನ್ನು ಒಂದು ಸಲ ಕೇಳಿದರೆ ಮರೆಯುವುದಿಲ್ಲ. ಆದರೆ ಒಂದೇ ಹಕ್ಕಿಗೆ ಊರಿಗೊಂದು ಹೆಸರು. ನಾವು ಕೆಂಬೂತ ಅನ್ನುವುದನ್ನು ಮಲೆನಾಡಿನವರು ಸಂಬಾರಕಾಗೆ ಅನ್ನುತ್ತಾರೆ, ತುಳುವಿನಲ್ಲಿ ಅದೇ ಕುಪುಲು. ಹೊರಗಿನವರ ಜೊತೆ ಮಾತಾಡುವಾಗ, ಪಟ್ಟಿ ಬರೆಯುವಾಗ ಎಲ್ಲರಿಗೂ ತಿಳಿಯುವ ಒಂದು ಹೆಸರು ಬೇಕೇ ಬೇಕು.

ಬೇರೆ ಭಾಷೆಯ ಹೆಸರುಗಳನ್ನೂ ಕೇಳಿ ತಿಳಿದುಕೊಳ್ಳಿ. ನಮ್ಮ ನವರಂಗವನ್ನು ತಮಿಳಿನಲ್ಲಿ ಆರು ಮಣಿ ಕುರುವಿ ಅನ್ನುತ್ತಾರೆ, ಆರು ಗಂಟೆ ಹಕ್ಕಿ ಅಂತ. ಬೆಳಗ್ಗೆ ಆರರ ಸುಮಾರಿಗೆ ಒಂದು ಸಲ, ಸಂಜೆ ಆರರ ಸುಮಾರಿಗೆ ಒಂದು ಸಲ ಕೂಗುತ್ತದೆ. ಎಷ್ಟು ಚೆನ್ನಾಗಿ ಗಮನಿಸಿದ್ದಾರೆ ನೋಡಿ.

ಕರ್ನಾಟಕದಲ್ಲಿ ಯಾವ ತಿಂಗಳು ಎಲ್ಲಿಗೆ ಹೋಗಬೇಕು?

ನಮ್ಮ ರಾಜ್ಯದಲ್ಲಿ 500ಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ. ಆದರೆ ಕಾಲ ತಪ್ಪಿದರೆ ಖಾಲಿ ಮರ ನೋಡಿ ಬರಬೇಕಾಗುತ್ತದೆ.

ರಂಗನತಿಟ್ಟಿನಿಂದಲೇ ಶುರು ಮಾಡೋಣ. ಕಾವೇರಿ ನಡುವಿನ ಈ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ನೋಡಿದ ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಮಹಾರಾಜರಿಗೆ ಹೇಳಿ, 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ (ಲೋಕದ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿತು, ಕರ್ನಾಟಕದಿಂದ ಮೊದಲನೆಯದು. ಫೆಬ್ರವರಿಯಿಂದ ಮೇವರೆಗೆ ಹೋದರೆ ಗೂಡು, ಮರಿ ಎಲ್ಲ ಕಾಣುತ್ತದೆ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೋಗಿ. ವಾರದ ದಿನ, ಬೆಳಗಿನ ಮೊದಲ ದೋಣಿ ಒಳ್ಳೆಯದು.

ಮಲೆನಾಡಿನ ಕಡೆ ಲೆಕ್ಕ ಉಲ್ಟಾ. ಸೊರಬ ತಾಲ್ಲೂಕಿನ ಗುಡವಿಯಲ್ಲಿ, ತುಂಗೆಯ ಮಂಡಗದ್ದೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಛತ್ರಿ ಹಿಡಿದೇ ಹೋಗಬೇಕು.

ಡಿಸೆಂಬರ್, ಜನವರಿ ಬಂತು ಅಂದರೆ ಗದಗ ಜಿಲ್ಲೆಯ ಮಾಗಡಿ ಕೆರೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಹಗಲೆಲ್ಲ ನೀರಿನ ಮೇಲೆ ಸುಮ್ನೆ ತೇಲುತ್ತಾ ಇರುವ ಹಿಂಡು, ಯಾವುದೋ ಒಂದು ಕೂಗು ಹಾಕಿದ್ದೇ ತಡ, ಒಟ್ಟಿಗೆ ಎದ್ದು ಹೊಲದ ಕಡೆ ಹೊರಡುತ್ತದೆ. ರೆಕ್ಕೆಯ ಸದ್ದು ಎದೆಗೆ ತಾಗುತ್ತದೆ. ಮೈಸೂರಿನವರಿಗೆ ನಂಜನಗೂಡಿನ ಕಡೆಯ ಹದಿನಾರು ಕೆರೆ ಹತ್ತಿರ, ಅಲ್ಲಿಗೂ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಬಾತುಗಳು ನಮ್ಮ ಕೆರೆಗಳಲ್ಲಿ ಕಂಡಿವೆ. ಅಂಥದ್ದು ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಬರೆದುಕೊಳ್ಳಿ. ಅಧ್ಯಯನ ಮಾಡುವವರಿಗೆ ಅದು ದೊಡ್ಡ ಸುದ್ದಿ. ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಅಘನಾಶಿನಿ ಅಳಿವೆ, ಮೂರೂ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದವು.

ದಾಂಡೇಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳ ಊರು. ನಾಲ್ಕು ಬಗೆಯ ಮಂಗಟ್ಟೆ ಅಲ್ಲಿ ಸಿಗುತ್ತವೆ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮೆತ್ತಿಕೊಂಡು ಕೂರುತ್ತದೆ, ಒಂದು ಸೀಳು ಮಾತ್ರ ಉಳಿಯುತ್ತದೆ. ಗಂಡು ಅತ್ತಿ, ಆಲದ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದಾಗಿ ಹೊರತೆಗೆದು ಆ ಸೀಳಿನಲ್ಲಿ ಕೊಡುತ್ತದೆ. ಆ ಗಂಡು ಸತ್ತರೆ ಒಳಗಿನ ಸಂಸಾರಕ್ಕೆ ಗತಿಯಿಲ್ಲ. ಆದ್ದರಿಂದ ಗೂಡಿನ ಮರದ ಬುಡಕ್ಕೆ ಹೋಗಿ ನಿಲ್ಲಬೇಡಿ. ಪಕ್ಕದ ಗಣೇಶಗುಡಿಯಲ್ಲಿ ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಟ್ಟ ಬಾನಿಗಳಿವೆ. ಮರೆಯಲ್ಲಿ ಸುಮ್ಮನೆ ಕೂತರೆ ಕಾಡಿನ ಹಕ್ಕಿಗಳು ತಾವೇ ಸ್ನಾನಕ್ಕೆ ಬರುತ್ತವೆ.

ಬೆಂಗಳೂರಿನವರಿಗೆ ಚಳಿಗಾಲದ ನಂದಿಬೆಟ್ಟ. ವಾರದ ಕೊನೆಯ ಗಲಾಟೆ ಬಿಟ್ಟು ಹೋಗಿ. ಒಬ್ಬರೇ ಹೋಗಲು ಸಂಕೋಚವಾದರೆ ಲಾಲ್‌ಬಾಗ್‌ನಲ್ಲಿ ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡುವವರು ಸೇರುವ ವಾಡಿಕೆ 1970ರ ದಶಕದಿಂದ ಇದೆ. ಗೊತ್ತಿರುವವರ ಪಕ್ಕದಲ್ಲಿ ಎರಡು ಗಂಟೆ ನಡೆದರೆ ಆರು ತಿಂಗಳ ಓದಿನಷ್ಟು ಕಲಿಯುತ್ತೀರಿ.

ಕೊಕ್ಕರೆ ಬೆಳ್ಳೂರು ಬರೀ ಒಂದು ಹಳ್ಳಿ ಅಲ್ವಾ? ಅಲ್ಲಿ ನೋಡಲು ಏನಿದೆ?

ಹೌದು, ಹಳ್ಳಿಯೇ. ಅದೇ ಅದರ ಹೆಚ್ಚುಗಾರಿಕೆ. ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು (ಪೆಲಿಕನ್) ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಡಿಸೆಂಬರ್‌ನಿಂದ ಶುರುವಾಗಿ ಬೇಸಿಗೆಯವರೆಗೆ ಇರುತ್ತವೆ. ಕೆಳಗೆ ಕೊಟ್ಟಿಗೆ, ಒಗೆದ ಬಟ್ಟೆ, ಆಡುವ ಮಕ್ಕಳು. ಮೇಲೆ ಮರಿಗಳ ಗಲಾಟೆ. ಹೆಜ್ಜಾರ್ಲೆ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ತನ್ನ ತಲೆಯನ್ನು ಪೂರಾ ತೂರಿಸಿ ಮೀನು ತಿನ್ನುವುದನ್ನು ಅಲ್ಲಿ ಒಂದು ಮನೆಯ ಜಗಲಿ ಮೇಲೆ ಕೂತು ನೋಡಿದ್ದೇನೆ. ಆ ಮನೆಯ ಅಜ್ಜಿ ನನಗೆ ನೀರು ಕೊಟ್ಟು, ತನ್ನ ಕೆಲಸಕ್ಕೆ ಹೋದರು. ಮೇಲಿಂದ ಬೀಳುವ ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುತ್ತಾರೆ. ಹಕ್ಕಿ ಕೂತ ಮರವನ್ನು ಕಡಿಯುವುದಿಲ್ಲ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಅಂತ ಘೋಷಿಸಿತು. ಆದರೆ ಆ ಊರಿನವರು ಕಾಯ್ದುಕೊಂಡು ಬಂದದ್ದು ತಲೆಮಾರುಗಳಿಂದ. ಅಲ್ಲಿಗೆ ಹೋದಾಗ ಮನೆಯವರನ್ನು ಕೇಳಿ ಅಂಗಳಕ್ಕೆ ಕಾಲಿಡಿ. ಅದು ಅವರ ಮನೆ.

ಹಕ್ಕಿ ಹೊರಗೆ ಬರಲಿ ಅಂತ ಮೊಬೈಲ್‌ನಲ್ಲಿ ಅದರ ಕೂಗು ಹಾಕಬಹುದಾ?

ಬೇಡ. ಹಣ ಕೊಟ್ಟು ಹೋಗಿದ್ದ ಒಂದು ಟೂರ್‌ನಲ್ಲಿ ಗೈಡ್ ಸಣ್ಣ ಸ್ಪೀಕರ್ ಇಟ್ಟು ನವರಂಗದ ಕೂಗನ್ನು ಬಿಡದೆ ಹಾಕಿದರು. ಹಕ್ಕಿ ಬಂತು. ನಮ್ಮ ಸುತ್ತ ಒಣಗೆಲೆ ಮೇಲೆ ಕುಪ್ಪಳಿಸುತ್ತಾ, ಕತ್ತು ಎತ್ತಿ ಕೂಗುತ್ತಾ, ಕಾಣದ ಎದುರಾಳಿಯನ್ನು ಹುಡುಕಿತು. ಇಪ್ಪತ್ತು ನಿಮಿಷ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಒಂದು ಸಣ್ಣ ಪೊದೆಯನ್ನು ತನ್ನದು ಮಾಡಿಕೊಂಡಿರುವ ಹಕ್ಕಿ ಅದು. ಹೊಟ್ಟೆಗೆ ಹುಳ ಹುಡುಕುವ ಹೊತ್ತನ್ನು ನಮ್ಮ ಫೋಟೋಕ್ಕಾಗಿ ಜಗಳದಲ್ಲಿ ಕಳೆಯಿತು. ಎಲ್ಲರಿಗೂ ಒಳ್ಳೆಯ ಫೋಟೋ ಸಿಕ್ಕಿತು. ನಾನು ಆವತ್ತೇ "ನಿಲ್ಲಿಸಿ" ಅನ್ನಬೇಕಿತ್ತು, ಅನ್ನಲಿಲ್ಲ. ಈಗ ಯಾವ ಟೂರ್ ಬುಕ್ ಮಾಡುವಾಗಲೂ ಕೂಗು ಹಾಕುವುದಿಲ್ಲ ತಾನೆ ಅಂತ ಮೊದಲೇ ಕೇಳುತ್ತೇನೆ. ನೀವೂ ಕೇಳಿ. ನಾಲ್ಕು ಜನ ಕೇಳಿದರೆ ಅವರೂ ಬಿಡುತ್ತಾರೆ.

ಗೂಡಿನ ಫೋಟೋ ಕೂಡ ಹಾಗೇ. ಮುಂದೆ ಅಡ್ಡ ಇರುವ ಎಲೆ, ಕೊಂಬೆ ಕತ್ತರಿಸಿ ಚಿತ್ರ ತೆಗೆದರೆ ಮಾರನೇ ದಿನ ಕಾಗೆಗೂ ಆ ಗೂಡು ಕಾಣುತ್ತದೆ.

ಮೊದಲ ಸಲ ಹೊರದೇಶಕ್ಕೆ ಹಕ್ಕಿ ನೋಡಲು ಹೋಗಬೇಕು. ಎಲ್ಲಿಗೆ?

ಶ್ರೀಲಂಕಾ. ಬೆಂಗಳೂರಿನಿಂದ ವಿಮಾನದಲ್ಲಿ ಒಂದೂವರೆ ಗಂಟೆ. ಊಟ ಒಗ್ಗುತ್ತದೆ. ಮುಖ್ಯವಾಗಿ, ನಮ್ಮ ಪಶ್ಚಿಮಘಟ್ಟ ನೋಡಿದವರಿಗೆ ಅಲ್ಲಿನ ಕಾಡು ಅರ್ಧ ಪರಿಚಯ, ಅರ್ಧ ಹೊಸದು. ಕೊಡಗಿನ ಕಪ್ಪೆಬಾಯಿ ಹಕ್ಕಿ ಅಲ್ಲೂ ಇದೆ, ಕಾಕರಣೆ ಹಕ್ಕಿಯೂ ಇದೆ. ಅದರ ಜೊತೆಗೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಮೂವತ್ತಕ್ಕೂ ಜಾಸ್ತಿ ಬಗೆಯ ಹಕ್ಕಿಗಳು ಆ ಸಣ್ಣ ದ್ವೀಪದಲ್ಲಿವೆ. ಸಿಂಹರಾಜ ಮಳೆಕಾಡಿಗೆ ಹೋಗಲೇಬೇಕು. 1988ರಲ್ಲಿ ವಿಶ್ವಪರಂಪರೆಯ ತಾಣವಾದ ಕಾಡು. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ.

ಸಿಂಹರಾಜದಲ್ಲಿ ಅರ್ಧ ಗಂಟೆ ಒಂದೂ ಹಕ್ಕಿ ಕಾಣುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಆಮೇಲೆ ಇದ್ದಕ್ಕಿದ್ದಂತೆ ಹರಟೆಮಲ್ಲ ಹಕ್ಕಿಗಳ ಗದ್ದಲ ಕೇಳುತ್ತದೆ, ಹಿಂದೆಯೇ ಕಾಜಾಣ, ಅದರ ಹಿಂದೆ ಕೆಂಪುಮುಖದ ಮಲ್ಕೋಹ, ನೀಲಿ ಮಟಪಕ್ಷಿ. ಹಲವು ಜಾತಿಯವು ಸೇರಿ ಒಂದೇ ಮೆರವಣಿಗೆಯಲ್ಲಿ ಮೇಯುತ್ತಾ ಬರುತ್ತವೆ. ಹತ್ತು ನಿಮಿಷದಲ್ಲಿ ದಾಟಿ ಹೋಗುತ್ತವೆ. ನಾಗರಹೊಳೆಯಲ್ಲೋ ಆಗುಂಬೆಯಲ್ಲೋ ಇಂಥ ಮಿಶ್ರ ಹಿಂಡನ್ನು ಒಂದು ಸಲ ನೋಡಿದವರಿಗೆ ಆ ಹತ್ತು ನಿಮಿಷದಲ್ಲಿ ಕಣ್ಣು ಎಲ್ಲಿ ಇಡಬೇಕು ಅಂತ ಗೊತ್ತಿರುತ್ತದೆ.

ಎರಡನೆಯದು ಭೂತಾನ್. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ತೋರಿಸಿ ಪರ್ಮಿಟ್ ಪಡೆಯಬೇಕು. ರಾತ್ರಿಗೆ ತಲಾ 1,200 ರೂಪಾಯಿ ಶುಲ್ಕ ಇದೆ. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ನೋಡಿಕೊಳ್ಳಿ. ನವೆಂಬರ್‌ನಲ್ಲಿ ಫೋಬ್ಜಿಖಾ ಕಣಿವೆಗೆ ಟಿಬೆಟ್ ಕಡೆಯಿಂದ ಕಪ್ಪುಕತ್ತಿನ ಕ್ರೌಂಚಗಳು ಇಳಿಯುತ್ತವೆ. ನವೆಂಬರ್ 11ಕ್ಕೆ ಗಾಂಗ್‌ಟೇ ಮಠದ ಅಂಗಳದಲ್ಲಿ ಅವುಗಳ ಹೆಸರಿನಲ್ಲಿ ಹಬ್ಬ ಮಾಡುತ್ತಾರೆ. ಆ ಕಣಿವೆಯಲ್ಲಿ ಕರೆಂಟ್ ತಂತಿಗಳನ್ನು ನೆಲದಡಿ ಹಾಕಿದ್ದಾರೆ, ಕ್ರೌಂಚಗಳು ತಾಗಿ ಸಾಯಬಾರದು ಅಂತ. ಅದನ್ನು ತಿಳಿದಾಗ ನನಗೆ ನೆನಪಾದದ್ದು ಬಳ್ಳಾರಿ ಸಿರುಗುಪ್ಪದ ಎರೆಭೂತ. ಬಯಲುಸೀಮೆಯ ಆ ದೊಡ್ಡ ಹಕ್ಕಿ ದೇಶದಲ್ಲೇ ತೀರಾ ಕಡಿಮೆಯಾಗಿದೆ, ಅದರ ಸಾವಿಗೆ ದೊಡ್ಡ ಕಾರಣ ಇದೇ ತಂತಿಗಳು. ಅಲ್ಲಿ ಆಗಿದ್ದು ಇಲ್ಲೂ ಆಗಬೇಕು.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗ್ತಿದ್ದೀನಿ. ಆರು ತಿಂಗಳು ಮನೆಯಲ್ಲೇ ಇರಬೇಕು. ಅಲ್ಲಿ ಹಕ್ಕಿ ನೋಡೋಕಾಗುತ್ತಾ?

ಖಂಡಿತ. ದುರ್ಬೀನನ್ನು ಕೈಚೀಲದಲ್ಲೇ ಇಟ್ಟುಕೊಂಡು ಹೋಗಿ. ನಾನು ಮಗಳ ಮನೆಗೆ ಹೋದದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ. ಕಾರು ಓಡಿಸಲು ಬರುವುದಿಲ್ಲ, ಮಗು ಮಲಗಿದಾಗ ಸಿಗುವುದು ಒಂದು ಗಂಟೆ. ಆ ಒಂದು ಗಂಟೆ ಅಡುಗೆಮನೆ ಹಿಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆ.

ಮೂರನೇ ದಿನವೇ ಅನ್ನಾಸ್ ಹಮ್ಮಿಂಗ್‌ಬರ್ಡ್ ಬಂತು. ನಾಲ್ಕು ಗ್ರಾಂ ತೂಕದ ಹಕ್ಕಿ. ಮೊದಲು ಕಂಡಾಗ ತಲೆ, ಗಂಟಲು ಎಲ್ಲ ಕಪ್ಪು. ಅದು ಕತ್ತು ಸ್ವಲ್ಪ ತಿರುಗಿಸಿತು ಅಷ್ಟೆ, ಬಿಸಿಲು ಬಿದ್ದು ಗಂಟಲೆಲ್ಲ ಕೆಂಡಸಂಪಿಗೆಗಿಂತ ಕೆಂಪಾಗಿ, ಗುಲಾಬಿಯಾಗಿ ಹೊಳೆಯಿತು. ಮತ್ತೆ ತಿರುಗಿಸಿತು, ಮತ್ತೆ ಕಪ್ಪು. ಅದು ಗರಿಯ ಬಣ್ಣ ಅಲ್ಲ, ಗರಿಯ ರಚನೆ ಬೆಳಕನ್ನು ತಿರುಗಿಸುವ ರೀತಿ. ನಮ್ಮ ಸೂರಕ್ಕಿಯ ಹೊಳಪೂ ಹೀಗೇ ಬರುತ್ತದೆ. ಈ ಹಕ್ಕಿಗೆ ಕುಡಿಯಲು ಇಡುವುದಾದರೆ ಅಂಗಡಿಯ ಕೆಂಪು ನೀರು ಬೇಡ. ಒಂದು ಪಾಲು ಸಕ್ಕರೆ, ನಾಲ್ಕು ಪಾಲು ನೀರು ಬೆರೆಸಿ ಬಟ್ಟಲಲ್ಲಿ ತೂಗುಹಾಕಿ, ಬಟ್ಟಲನ್ನು ಎರಡು ಮೂರು ದಿನಕ್ಕೊಮ್ಮೆ ತೊಳೆಯಿರಿ.

ಭಾನುವಾರ ಅಳಿಯಂದಿರು ಬಿಡುವಾದಾಗ ಡಾನ್ ಎಡ್ವರ್ಡ್ಸ್ ವನ್ಯಜೀವಿ ತಾಣಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಅಂಚಿನ ಜೌಗು, 1972ರಿಂದ ರಕ್ಷಿತ. ತಳ್ಳುಗಾಡಿಯಲ್ಲಿ ಮಗುವನ್ನು ಹಾಕಿಕೊಂಡೇ ನಡೆಯಬಹುದು. ಅಲ್ಲಿನ ನೀರಿನಲ್ಲಿ ನಿಂತಿದ್ದ ಮೆಟ್ಟುಗಾಲು ಹಕ್ಕಿಯನ್ನು ನೋಡಿ ನನಗೆ ಕುಕ್ಕರಹಳ್ಳಿಗೇ ಬಂದ ಹಾಗಾಯಿತು. ಅದೇ ಉದ್ದ ಕೆಂಪು ಕಾಲು, ಅದೇ ನಡಿಗೆ. ಕತ್ತಿನ ಹಿಂದಿನ ಕಪ್ಪು ಮಾತ್ರ ಜಾಸ್ತಿ, ಅದು ನಮ್ಮದರ ದಾಯಾದಿ ಜಾತಿ. ಊರಿನ ಕೆರೆಯ ಅಭ್ಯಾಸ ಇಲ್ಲದಿದ್ದರೆ ಆ ವ್ಯತ್ಯಾಸ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ದುಬೈ, ಸಿಂಗಪುರ, ಲಂಡನ್ನಿನಲ್ಲಿ ಕೆಲಸದಲ್ಲಿ ಇದ್ದೀವಿ. ಊರಿನ ಹಕ್ಕಿ ಅಲ್ಲಿ ಸಿಗುತ್ತಾ?

ಸಿಗುತ್ತದೆ! ದುಬೈನ ಪಾರ್ಕುಗಳಲ್ಲಿ, ದೀಪದ ಕಂಬಗಳ ಮೇಲೆ ನೀಲಕಂಠ ಕೂತಿರುತ್ತದೆ. ಕರ್ನಾಟಕದ ರಾಜ್ಯಪಕ್ಷಿ ಅದೇ. ಕರಿ ಸೂರಕ್ಕಿ, ಗೊರವಂಕವೂ ಇವೆ. ಚಳಿಗಾಲದಲ್ಲಿ ರಾಸ್ ಅಲ್ ಖೋರ್‌ಗೆ ಹೋಗಿ. ಹಿಂದೆ ಗಗನಚುಂಬಿ ಕಟ್ಟಡಗಳು, ಮುಂದೆ ರಾಜಹಂಸಗಳ ಸಾಲು, ನೋಡಲು ಮರೆಗಳನ್ನೂ ಕಟ್ಟಿದ್ದಾರೆ.

ಸಿಂಗಪುರದಲ್ಲಿ ನಸುಕಿಗೆ ಎಬ್ಬಿಸುವುದು ನಮ್ಮ ಕೋಗಿಲೆಯೇ. ಅಲ್ಲೂ ಅದು ಕಾಗೆ ಗೂಡಿನಲ್ಲೇ ಮೊಟ್ಟೆ ಇಡುತ್ತದೆ. ಸುಂಗೈ ಬುಲೋ ಜೌಗು, ಪುಲಾವ್ ಉಬಿನ್ ದ್ವೀಪ ಎರಡನ್ನೂ ನೋಡಿ. ಉಬಿನ್‌ನಲ್ಲಿ ಮಂಗಟ್ಟೆ ಸಿಗುತ್ತದೆ. ಲಂಡನ್ನಿನ ಪಾರ್ಕುಗಳಲ್ಲಿ ಗಿಳಿಗಳ ಹಿಂಡೇ ಇದೆ. ಸಾಕಿದವು ಹೊರಬಿದ್ದು ಹೆಚ್ಚಿಕೊಂಡದ್ದು, ನಮ್ಮ ಊರಿನ ಅದೇ ಜಾತಿ.

ಹೊಸ ಹಕ್ಕಿ ನೋಡಿದರೆ ಎಲ್ಲಿ ಬರೆದಿಡಬೇಕು?

ಒಂದು ನೋಟ್‌ಬುಕ್ಕಿನಲ್ಲಿ, ಜೊತೆಗೆ ಇ-ಬರ್ಡ್ ಅನ್ನುವ ಜಾಲತಾಣದಲ್ಲಿ. ಇ-ಬರ್ಡ್ ಉಚಿತ, ಲೋಕದ ಯಾವ ಮೂಲೆಯಿಂದ ಬೇಕಾದರೂ ಪಟ್ಟಿ ಹಾಕಬಹುದು. ಹೊಸ ಊರಿಗೆ ಹೋಗುವ ಮೊದಲು ಅಲ್ಲಿ ಈ ತಿಂಗಳು ಏನೇನು ಕಂಡಿದೆ ಅಂತಲೂ ನೋಡಬಹುದು. "ಬರೀ ಕಾಗೆ, ಗೊರವಂಕ ಕಂಡಿತು, ಅದನ್ನೇನು ಹಾಕೋದು?" ಅನ್ನಬೇಡಿ. ಹಾಕಿ. ಅಪರೂಪದ್ದನ್ನು ಮಾತ್ರ ಬರೆದರೆ ಸಾಮಾನ್ಯ ಹಕ್ಕಿ ಕಡಿಮೆಯಾಗುತ್ತಿರುವುದು ಯಾರಿಗೂ ತಿಳಿಯುವುದಿಲ್ಲ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ಕೂತು ಎಣಿಸಿದರೂ ಸಾಕು.

ಮಲೆನಾಡಿನ ಇಂಬಳ (ಜಿಗಣೆ), ಉಣ್ಣೆ ಹುಳಕ್ಕೆ ಏನು ಮಾಡೋದು?

ಇಂಬಳಕ್ಕೆ ಹೆದರಬೇಡಿ. ಪ್ಯಾಂಟಿನ ಮೇಲೆ ಎಳೆದುಕೊಳ್ಳುವ ದಪ್ಪ ಬಟ್ಟೆಯ ಲೀಚ್ ಸಾಕ್ಸ್ ಸಿಗುತ್ತದೆ. ಸಿಂಹರಾಜಕ್ಕೂ ಅದು ಬೇಕು.

ಉಣ್ಣೆ ವಿಷಯ ಹಾಗಲ್ಲ, ಗಂಭೀರ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಪತ್ತೆಯಾದ ಜ್ವರ ಅದು. ಡಿಸೆಂಬರ್‌ನಿಂದ ಮೇವರೆಗೆ ಶಿವಮೊಗ್ಗ, ಉತ್ತರ ಕನ್ನಡದ ಕಾಡಿಗೆ ಹೋಗುವವರು ಮೊದಲು ಸ್ಥಳೀಯರನ್ನು ಕೇಳಿ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಬೇಡಿ. ಒಣಗೆಲೆ ಮೇಲೆ ಕೂರಬೇಡಿ. ವಾಪಸ್ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ವೈದ್ಯರಿಗೆ ಹೇಳಿ.

ಹೊರದೇಶದಲ್ಲಿ ಮಕ್ಕಳು ಗರಿ ಆರಿಸಿಕೊಂಡರೆ ತರಬಹುದಾ?

ಬೇಡ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿ ಕಾಯ್ದೆಯ ಪ್ರಕಾರ ಅಲ್ಲಿನ ಬಹುಪಾಲು ಕಾಡುಹಕ್ಕಿಗಳ ಬಿದ್ದ ಗರಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಇಲ್ಲಿಂದ ನವಿಲುಗರಿ ತೆಗೆದುಕೊಂಡು ಹೋಗುವುದೂ ತಪ್ಪು. ಗರಿಯ ಚಿತ್ರ ಬರೆಯಲು ಹೇಳಿ. ನನ್ನ ಮೊಮ್ಮಗಳ ಪುಸ್ತಕದಲ್ಲಿ ಈಗ ಹನ್ನೊಂದು ಗರಿಗಳಿವೆ, ಎಲ್ಲ ಬಣ್ಣದ ಪೆನ್ಸಿಲ್ಲಿನವು.

ನಮ್ಮ ಹೂಗಿಡಕ್ಕೆ ಹಮ್ಮಿಂಗ್‌ಬರ್ಡ್ ಬಂದಿತ್ತು, ಬೆಂಗಳೂರಿನಲ್ಲೇ!

ಹಮ್ಮಿಂಗ್‌ಬರ್ಡ್ ಇರುವುದು ಉತ್ತರ, ದಕ್ಷಿಣ ಅಮೆರಿಕಗಳಲ್ಲಿ ಮಾತ್ರ. ನೀವು ನೋಡಿದ್ದು ಸೂರಕ್ಕಿ. ಅದು ಹೂವಿನ ಪಕ್ಕ ಕೂತು ಮಕರಂದ ಹೀರುತ್ತದೆ, ಒಮ್ಮೊಮ್ಮೆ ಕ್ಷಣಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ. ಸಂಜೆ ಹೊತ್ತಾಗಿದ್ದರೆ ಒಂದು ಬಗೆಯ ದೊಡ್ಡ ಪತಂಗವೂ ಆಗಿರಬಹುದು.

ಮನೆಯಲ್ಲಿ ಗಿಳಿ ಸಾಕಬಹುದಾ?

ನಮ್ಮ ಕಾಡಿನ ಯಾವ ಗಿಳಿಯನ್ನೂ ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅಂಗಳದಲ್ಲಿ ಸೀಬೆ ಗಿಡ ಹಾಕಿ, ನಾಲ್ಕು ಹಣ್ಣು ಕೊಯ್ಯದೆ ಬಿಡಿ. ಗಿಳಿಗಳೇ ಬರುತ್ತವೆ.

ಗೂಡಿನಿಂದ ಮರಿ ಬಿದ್ದಿದೆ. ಏನು ಮಾಡಲಿ?

ಮೊದಲು ದೂರ ಸರಿದು ನೋಡಿ. ಮೈತುಂಬ ಗರಿ ಬಂದಿದೆ, ಬಾಲ ಮೋಟು, ಕುಪ್ಪಳಿಸುತ್ತಿದೆ ಅಂದರೆ ಅದು ಹಾರಲು ಕಲಿಯುತ್ತಿರುವ ಮರಿ. ಬಿದ್ದದ್ದಲ್ಲ, ಹೊರಟದ್ದು. ನಾಯಿ, ಬೆಕ್ಕನ್ನು ಒಳಗೆ ಕಟ್ಟಿಹಾಕಿ, ಮರಿ ರಸ್ತೆಯಲ್ಲಿದ್ದರೆ ಎತ್ತಿ ಪಕ್ಕದ ಪೊದೆಯಲ್ಲಿ ಬಿಡಿ. ಗರಿ ಬರದ ಮರಿಯಾದರೆ, ಗೂಡು ಕೈಗೆ ಎಟುಕಿದರೆ ವಾಪಸ್ ಗೂಡಿಗೆ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವ ಮಾತು ನಿಜವಲ್ಲ. ಬಾಯಿಗೆ ನೀರು ಹಾಕಬೇಡಿ, ಹಾಲು, ಅನ್ನ ಕೊಡಬೇಡಿ. ಗಾಯವಾಗಿದ್ದರೆ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿ ಇಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ಹೋದ ಏಪ್ರಿಲ್‌ನಲ್ಲಿ ನಮ್ಮ ಗೇಟಿನ ಹತ್ತಿರ ಒಂದು ಪಿಕಳಾರದ ಮರಿ ಹೀಗೇ ಕೂತಿತ್ತು. ಪಕ್ಕದ ಮನೆಯ ಹುಡುಗ ಶೂ ಡಬ್ಬ ತಂದಾಗಿತ್ತು. "ಸ್ವಲ್ಪ ತಡಿ ಪುಟ್ಟ" ಅಂದು ಇಬ್ಬರೂ ಒಳಗೆ ಬಂದು ಕಿಟಕಿಯಿಂದ ನೋಡಿದೆವು. ಹತ್ತು ನಿಮಿಷ ಆಗಿರಲಿಲ್ಲ. ತಾಯಿ ಹಸಿರು ಹುಳ ಕಚ್ಚಿಕೊಂಡು ಬಂತು, ಮರಿಯ ಬಾಯಿಗಿಟ್ಟು, ದಾಸವಾಳದ ಗಿಡಕ್ಕೆ ಹಾರಿ ಕರೆಯಿತು. ಮರಿ ಎರಡು ಸಲ ಬಿದ್ದು, ಮೂರನೇ ಸಲಕ್ಕೆ ಅದರ ಪಕ್ಕ ಹೋಗಿ ಕೂತಿತು.